ಚಂದ್ರಾಮ ಮಾಮಾನ ಕಿವಿ ಮತ್ತು ಸಮರಕಂದದ ಗುಮ್ಮಟಗಳು

ಏಪ್ರಿಲ್ 21, ಭಾನುವಾರ. ವಿಜಯಪುರ

ಸಮರಕಂದಕ್ಕೆ ಹೊರಡುವ ಹಿಂದಿನ ದಿನ ಕಸ್ತೂರಿ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಎರಡು ಕೊಟ್ಟರು. ಒಂದು, ಡಬ್ಬಿ ತುಂಬ ಶೇಂಗಾ ಚಟ್ನಿ. ಇನ್ನೊಂದು, ಕೆಲಸ.

“ನಿಮ್ಮ ಮಾಮಾಂದು ಮೊಣಕಾಲು ಕೆಟ್ಟೈತೋ, ಕಿವಿ ಕೆಟ್ಟೈತೋ, ಅದೊಂದು ತಿಳಕೊಂಡು ಬಾ ಶೈಲಾ. ನೀ ಎಲ್ಲಾನೂ ಬರಕೋತಿಯಲ್ಲ, ಇದನ್ನೂ ಬರಕೊ. ನಾ ಬಾಯಿಲೆ ಹೇಳಿದ್ರ ಒಪ್ಪೂದಿಲ್ಲ. ಬರದಿದ್ದು ತೋರಿಸಿದ್ರ ಎಲ್ಲಿಗೆ ಹೋಗತಾರ?”

ಬರೆದುಕೊಳ್ಳುವುದು ನನ್ನ ಹೊಟ್ಟೆಪಾಡು. ತಿಕೋಟಾದ ಒಂದು ಒಣದ್ರಾಕ್ಷಿ ಶೈತ್ಯಾಗಾರದಲ್ಲಿ ದಿನಕ್ಕೆ ನಾಲ್ಕು ಸಲ ಕೋಣೆಗಳ ಉಷ್ಣತೆ ಬರೆಯುತ್ತೇನೆ. ಬಬಲೇಶ್ವರದಿಂದ ಎಷ್ಟು ಪೆಟ್ಟಿಗೆ ಬಂದವು, ಬಿಜ್ಜರಗಿಯಿಂದ ಎಷ್ಟು, ಘೋಣಸಗಿಯವು ಎಷ್ಟು ತೇವ, ಎಲ್ಲ ನನ್ನ ಪುಸ್ತಕದಲ್ಲಿರುತ್ತದೆ. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ನಮ್ಮ ಓಣಿಯ ಬೋರಿಂಗಿಗೆ ಕಳೆದ ವರ್ಷ ಎಷ್ಟು ದಿನ ನೀರು ಬರಲಿಲ್ಲ ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ಯಾರೂ ಕೇಳಿಲ್ಲ.

ಚಂದ್ರಾಮ ಮಾಮಾ ನನ್ನ ತಾಯಿಯ ತಮ್ಮ, ಕಸ್ತೂರಿ ಅತ್ತೆಯ ಗಂಡ. ಮೂವತ್ತೊಂದು ವರ್ಷ ಗೋಳಗುಮ್ಮಟದಲ್ಲಿ ಗೈಡ್ ಆಗಿದ್ದರು. ಪ್ರವಾಸಿಗರನ್ನು ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತಿಸಿ, ಒಂದು ಕಡೆ ನಿಲ್ಲಿಸಿ, ತಾವು ನೇರ ಎದುರಿಗೆ ಹೋಗಿ ಕೂರುವರು. ಪ್ರವಾಸಿ ಗೋಡೆಗೆ ಬಾಯಿ ಹಚ್ಚಿ ತನ್ನ ಹೆಸರು ಪಿಸುಗುಟ್ಟಬೇಕು. ಗುಮ್ಮಟದ ಅಷ್ಟಗಲವನ್ನು ಸುತ್ತಿ ಬಂದ ಆ ಹೆಸರನ್ನು ಮಾಮಾ ಆಚೆಯಿಂದ ತಿರುಗಿ ಕೂಗುವರು. ಆಮೇಲೆ ಒಂದು ಚಪ್ಪಾಳೆ. “ಎಣಸ್ರಿ! ಏಳು ಸಲ ಹೊಳ್ಳಿ ಬರ್ತೈತಿ. ತಂತಿ ಇಲ್ಲ, ಮಷೀನ ಇಲ್ಲ, ಬರೀ ಕಲ್ಲು, ಗಚ್ಚು ನೋಡ್ರಿ!” ಈ ಮಾತನ್ನು ನಮ್ಮ ಮನೆಯ ಕೂಸುಗಳೂ ಹೇಳುತ್ತವೆ.

ಎರಡು ವರ್ಷದ ಹಿಂದೆ ಒಂದು ದಿನ ಮಾಮಾ ಆ ಮೆಟ್ಟಿಲಿಳಿದು ಬಂದವರು ಮತ್ತೆ ಹತ್ತಲಿಲ್ಲ. ಮೊಣಕಾಲು ಅಂದರು. ಮನೆಯವರು ನಂಬಿ ಎಣ್ಣೆ ತಂದರು. ಅತ್ತೆ ಮಾತ್ರ, ಮೊಣಕಾಲು ನೋವಿಗೆ ಟಿವಿ ಯಾಕೆ ಇಷ್ಟು ಜೋರು ಬೇಕು ಎಂದು ಕೇಳುತ್ತಲೇ ಇದ್ದರು. ಕಿವಿ ಡಾಕ್ಟರ ಹೆಸರೆತ್ತಿದರೆ ಮಾಮಾ ಊಟ ಬಿಟ್ಟು ಏಳುತ್ತಿದ್ದರು.

ಸಮರಕಂದ ಅವರ ಆಸೆ. “ಮೂವತ್ತೊಂದು ವರ್ಷ ಮಂದಿ ನಮ್ಮೂರಿಗೆ ಬಂದ್ರು. ಅರ್ಧ ಮಂದಿ ಸಮರಕಂದದ ಗುಮ್ಮಟ ನೋಡೀರೇನು ಅಂತ ಕೇಳಿದ್ರು. ಒಮ್ಮೆ ಹೋಗಿ ನೋಡೇ ಬಿಡೋಣು, ಅದೇನ ಅಂಥಾದ್ದು ಐತಿ ಅಂತ.” ಜೊತೆಗೆ ಬರಲು ಪೆಟ್ಟಿಗೆ ಬರುವ ಸೀಜನ್ ಮುಗಿದು ರಜೆ ಸಿಗುವಂತಿದ್ದವಳು ನಾನೊಬ್ಬಳೇ.

ಹೊಸ ನೋಟ್‌ಬುಕ್ಕಿನ ಅಂಚಿಗೆ ಮೂರು ಕಾಲಂ ಗೀಚಿದೆ. ಒಂದು: ಮಾಮಾ ಹತ್ತಿದ ಮೆಟ್ಟಿಲು. ಎರಡು: ಗುಮ್ಮಟದ ಕೆಳಗೆ ನನಗೆ ಕೇಳಿಸಿದ ಪ್ರತಿಧ್ವನಿ. ಮೂರು: ಮಾಮಾನಿಗೆ ಕೇಳಿಸಿದ್ದು.

ಏಪ್ರಿಲ್ 24, ಬುಧವಾರ. ಗೂರ್-ಎ-ಅಮೀರ್

ನಮ್ಮ ಹೋಟೆಲಿನಲ್ಲಿ ಲಿಫ್ಟ್ ಇಲ್ಲ, ಕೋಣೆ ಮೂರನೆಯ ಮಹಡಿಯಲ್ಲಿ. ನಲವತ್ತನಾಲ್ಕು ಮೆಟ್ಟಿಲು. ಮಾಮಾ ಎರಡು ಚೀಲ ಹಿಡಿದು ನನಗಿಂತ ಮುಂದೆ ಹತ್ತಿದರು. ಅರ್ಧಕ್ಕೆ ನೆನಪಾಗಿ “ಯಪ್ಪಾ, ಮೊಣಕಾಲು” ಅಂದರು. ನಾನು ನಲವತ್ತನಾಲ್ಕು ಎಂದು ಬರೆದೆ.

ಊರು ತೋರಿಸಲು ಬಂದವಳು ದಿಲ್ನೋಜಾ. ನನ್ನಷ್ಟೇ ವಯಸ್ಸು, ಕಾಲೇಜಿನಲ್ಲಿ ಹಿಂದಿ ಓದಿದವಳು. ಅವಳ ಹಿಂದಿ ನಮ್ಮಿಬ್ಬರದಕ್ಕಿಂತ ಶುದ್ಧ. ಮಾಮಾ ಒಬ್ಬ ಗೈಡ್ ಎಂದು ತಿಳಿದದ್ದೇ ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಮಾಮಾನೂ ಬಾಗಿದರು. ಅಂದಿನಿಂದ ಸಮರಕಂದದಲ್ಲಿ ಕಂಡವರಿಗೆಲ್ಲ ಬಾಗುತ್ತ ಹೋದರು, ಬಸ್ಸಿನ ಡ್ರೈವರನಿಗೂ.

ಗೂರ್-ಎ-ಅಮೀರ್ ಎಂದರೆ ತೈಮೂರನ ಗೋರಿ. ಹೊರಗೆ ನೀಲಿ ಗುಮ್ಮಟ, ಸಿಹಿಗುಂಬಳದ ಹಾಗೆ ಗೀರು ಗೀರು. ಒಳಗೆ ಬಂಗಾರದ ಕೆಲಸ, ಮಬ್ಬು ಬೆಳಕು. ಗೋಡೆಯ ಬದಿಯ ಬೆಂಚಿನಲ್ಲಿ ಮೂರ್ನಾಲ್ಕು ಹೆಂಗಸರು, ಒಬ್ಬ ಬಿಳಿಗಡ್ಡದ ಹಿರಿಯ. ಹಿರಿಯರು ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದರು.

ಇಲ್ಲಿ ನಮ್ಮೂರಿನವರ ಒಂದು ದೋಷ ಹೇಳಲೇಬೇಕು. ವಿಜಯಪುರದವರಿಗೆ ತಲೆಯ ಮೇಲೆ ಗುಂಡಗೆ ಏನು ಕಂಡರೂ ಸುಮ್ಮನಿರಲು ಆಗುವುದಿಲ್ಲ. ನೀರು ತುಂಬದ ಹೊಸ ಟಾಕಿಯೊಳಗೆ ತಲೆ ಹಾಕಿ “ಹೂಊ” ಅನ್ನುತ್ತೇವೆ. ಮದುವೆ ಮಂಟಪದಲ್ಲಿ ತಾಳಿ ಕಟ್ಟುವ ಮೊದಲು ಯಾರಾದರೂ ಒಂದು ಚಪ್ಪಾಳೆ ಹೊಡೆದು ಸೂರು ನೋಡುತ್ತಾರೆ. ಬೇರೆಯವರು ಗುಮ್ಮಟವನ್ನು ನೋಡುತ್ತಾರೆ. ನಾವು ಮಾತಾಡಿಸುತ್ತೇವೆ.

ನಾನು ಕೈ ಹಿಡಿಯುವಷ್ಟರಲ್ಲಿ ಮಾಮಾ ಎರಡು ಅಂಗೈ ಕೂಡಿಸಿ, ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಸೇರಿಸಿ ಒಂದು ಚಪ್ಪಾಳೆ ಹೊಡೆದರು.

ಪ್ರಾರ್ಥನೆ ನಿಂತಿತು. ಹೆಂಗಸೊಬ್ಬಳು ಎದೆ ಹಿಡಿದುಕೊಂಡಳು. ದಿಲ್ನೋಜಾ ಕೆಂಪಾಗಿ ಹಿರಿಯರ ಬಳಿ ಓಡಿ ಏನೇನೋ ಹೇಳಿ ಬಾಗಿದಳು. ಅವರು ಒಂದು ಪ್ರಶ್ನೆ ಕೇಳಿದರು. ಅವಳು ನಮಗೆ ಹಿಂದಿಯಲ್ಲಿ ಹೇಳಿದಳು: “ನಿಮ್ಮ ದೇಶದಲ್ಲಿ ಗೋರಿಯೊಳಗೆ ಚಪ್ಪಾಳೆ ಹೊಡೆಯುತ್ತಾರೆಯೇ ಎಂದು ಕೇಳುತ್ತಿದ್ದಾರೆ.”

ಏನು ಹೇಳುವುದು? ಹೌದು, ನಮ್ಮ ಗೋಳಗುಮ್ಮಟವೂ ಗೋರಿಯೇ, ಟಿಕೆಟ್ ತೆಗೆದುಕೊಂಡು ಬಂದು ಹೊಡೆಯುತ್ತಾರೆ. ಸಾಲಿ ಮಕ್ಕಳು ಬಸ್ಸುಗಟ್ಟಲೆ ಬರುತ್ತಾರೆ. ನಾನು ಅಷ್ಟೇ ಹೇಳಿದೆ. ಹಿರಿಯರು ಬಹಳ ಹೊತ್ತು ಯೋಚಿಸಿ, ಒಳಗೆ ಮಲಗಿರುವವರು ಪಾಪ ಎಂದರಂತೆ.

ಹೊರಗೆ ಬಂದ ಮೇಲೆ ಮಾಮಾ ತೀರ್ಪು ಕೊಟ್ಟರು. “ಎರಡ ಸಲ ಹೊಳ್ಳಿ ಹೇಳ್ತು. ನಮ್ಮದರ ಮುಂದ ಇದು ಕೂಸು.”

ನನಗೆ ಕೇಳಿಸಿದ್ದು ಒಂದು, ಅದೂ ಅರೆಬರೆ. ನಾನು 1, ಮಾಮಾ 2 ಎಂದು ಬರೆದೆ. ಕಿವಿ ನನ್ನದೇ ಕೆಟ್ಟಿರಬಹುದೇ ಎಂಬ ಅನುಮಾನ ಆ ದಿನ ಬಂದದ್ದೂ ನಿಜ.

ಏಪ್ರಿಲ್ 25, ಗುರುವಾರ. ಬೀಬಿ ಖಾನಂ ಮತ್ತು ಬಜಾರು

ಬೀಬಿ ಖಾನಂ ಮಸೀದಿ ಎಷ್ಟು ದೊಡ್ಡದೆಂದರೆ ಬಾಗಿಲಲ್ಲೇ ಕತ್ತು ನೋಯುತ್ತದೆ. ಅವಸರದಲ್ಲಿ ಅತಿ ಎತ್ತರ ಕಟ್ಟಿದ್ದರಿಂದ, ಮುಗಿದ ಸ್ವಲ್ಪ ಕಾಲಕ್ಕೇ ಇಟ್ಟಿಗೆ ಉದುರಲು ಸುರುವಾಯಿತೆಂದು ದಿಲ್ನೋಜಾ ಹೇಳಿದಳು. ಆಮೇಲೆ ಬಹುಭಾಗ ತಿರುಗಿ ಕಟ್ಟಿದ್ದಂತೆ.

ಮಾಮಾನಿಗೆ ಬಹಳ ಸಂತೋಷವಾಯಿತು. “ನಮ್ಮ ಬಾರಾ ಕಮಾನ ಇದಕ್ಕಿಂತ ಶಾಣ್ಯಾದ್ದು. ಅದನ್ನ ಕಟ್ಟಿ ಮುಗಿಸಲೇ ಇಲ್ಲ. ಮುಗಿಸಿದ್ರಲ್ಲ ಬೀಳೂದು?”

ಈ ಸಲ ಚಪ್ಪಾಳೆಗೆ ಮೊದಲು ಅಪ್ಪಣೆ ಕೇಳಿದರು. ಅಲ್ಲಿ ಯಾರೂ ಇರಲಿಲ್ಲ. ನನಗೆ ಎರಡು ಕೇಳಿಸಿದವು, ಅದರಲ್ಲೊಂದು ಪಾರಿವಾಳ ಹಾರಿದ ಸದ್ದೂ ಇರಬಹುದು. ಮಾಮಾ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಒಂದೊಂದೇ ಮುಟ್ಟುತ್ತ ಎಣಿಸಿದರು. “ನಾಕು.”

ಮಸೀದಿಯ ಪಕ್ಕದಲ್ಲೇ ಸಿಯಾಬ್ ಬಜಾರು. ಒಣದ್ರಾಕ್ಷಿಯ ಸಾಲು ಕಂಡಾಗ ನನ್ನ ಕಾಲು ತಾನಾಗಿ ನಿಂತಿತು. ಕಪ್ಪು, ಹಸಿರು, ಕಂದು, ಗುಡ್ಡೆ ಗುಡ್ಡೆ. ನಮ್ಮಲ್ಲಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರಡಿ ನೆರಳಲ್ಲಿ ಒಣಗಿಸುತ್ತಾರೆ. ಇಲ್ಲಿಯ ಹಸಿರು ಬಗೆಯನ್ನು ಮಣ್ಣಿನ ಕೋಣೆಯಲ್ಲಿ ಗೊಂಚಲು ಗೊಂಚಲೇ ತೂಗುಹಾಕುತ್ತಾರಂತೆ. ನಾನು ಒಂದು ತಿಂದು, ಬೆರಳಲ್ಲಿ ಒತ್ತಿ, ತೇವ ಅಂದಾಜು ಮಾಡಿ ಬರೆದುಕೊಂಡೆ. ಅಂಗಡಿಯ ಹೆಂಗಸು ನನ್ನನ್ನು ಸರಕಾರದ ತಪಾಸಣೆಯವಳೆಂದು ತಿಳಿದು ಟೀ ತರಿಸಿದಳು.

ಆ ಟೀಯಿಂದ ಇನ್ನೊಂದು ಫಜೀತಿ. ಹಿಡಿಯಿಲ್ಲದ ಬಟ್ಟಲಿನಲ್ಲಿ ಅವಳು ಮಾಮಾನಿಗೆ ಹಾಕಿದ್ದು ಎರಡು ಗುಟುಕು. ಬಟ್ಟಲು ಮುಕ್ಕಾಲು ಖಾಲಿ. ಮಾಮಾ ನನ್ನ ಕಡೆ ವಾಲಿ, ತಾವು ಮೆಲ್ಲಗೆ ಎಂದುಕೊಂಡ ದನಿಯಲ್ಲಿ ಇಡೀ ಸಾಲಿಗೆ ಕೇಳುವಂತೆ ಅಂದರು: “ಕಪ್ಪು ತುಂಬಿ ಕೆಳಗಿನ ಬಸಿಗೆ ಚೆಲ್ಲೂಹಂಗ ಕೊಡೂ ಮಂದಿ ನಾವು. ಇದೇನ ಬೇ, ಔಷಧ ಕೊಟ್ಟಂಗ?”

ಕನ್ನಡ ಆ ಬಜಾರಿನಲ್ಲಿ ಯಾರಿಗೂ ಬಾರದಿದ್ದುದು ನಮ್ಮ ಪುಣ್ಯ. ದಿಲ್ನೋಜಾ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಇಲ್ಲಿ ಅತಿಥಿಗೆ ಗೌರವ ಹೆಚ್ಚಿದಷ್ಟೂ ಟೀ ಕಡಿಮೆ ಹಾಕುತ್ತಾರಂತೆ. ಕಡಿಮೆ ಹಾಕಿದರೆ ಮತ್ತೆ ಮತ್ತೆ ಹಾಕಬಹುದು, ಬಿಸಿಯಾಗಿರುತ್ತದೆ, ಅತಿಥಿ ಇನ್ನೂ ಕೂತಿರುತ್ತಾನೆ. ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದಂತೆ. ಮಾಮಾ ಹನ್ನೊಂದು ಸಲ ಗೌರವ ಕುಡಿದರು.

ಆ ಅರ್ಧ ತಾಸಿನಲ್ಲಿ ಆ ಹೆಂಗಸಿನ ಮಾತನ್ನು ದಿಲ್ನೋಜಾ ಮಾಮಾನ ಎಡಗಡೆಯಿಂದ ಹಿಂದಿಯಲ್ಲಿ ಹೇಳಿದಾಗಲೆಲ್ಲ ಅವರು ನಕ್ಕು ತಲೆಯಾಡಿಸಿದ್ದನ್ನು ನಾನು ಎಣಿಸಿದೆ. ಒಂಬತ್ತು. ಒಂದು ಸಲ ಅವಳು ಕೇಳಿದ್ದು, ಇನ್ನೂ ಬೇಕೇ ಸಾಕೇ ಎಂದು.

ಏಪ್ರಿಲ್ 26, ಶುಕ್ರವಾರ. ರೆಗಿಸ್ತಾನ್

ರೆಗಿಸ್ತಾನ್ ಎಂದರೆ ಒಂದು ಚೌಕ, ಮೂರು ಬದಿಗೆ ಮೂರು ಹಳೆಯ ಮದರಸಾಗಳು. ನಾನು ಚಿತ್ರದಲ್ಲಿ ನೋಡಿದ್ದೆ. ಎದುರು ನಿಂತಾಗ ಬರೆಯಲು ಪೆನ್ನು ತೆಗೆದು ಹಾಗೇ ಜೇಬಿಗಿಟ್ಟೆ. ಮಾಮಾ ಮಾತ್ರ “ಇಷ್ಟು ನೀಲಿ ಹಚ್ಚಿದ್ರ ನಮ್ಮ ಗುಮ್ಮಟಾನೂ ಹಿಂಗ ಕಾಣ್ತಿತ್ತು ಬಿಡು” ಅಂದರು. ಆದರೆ ಅಂದ ಮೇಲೂ ಅಲ್ಲೇ ನಿಂತಿದ್ದರು.

ನಡುವಿನ ಮದರಸಾ ತಿಲ್ಲಾ-ಕಾರಿ. ಅದರ ಮಸೀದಿಯೊಳಗೆ ಕಾಲಿಟ್ಟರೆ ತಲೆಯ ಮೇಲೆ ಬಂಗಾರದ ಗುಮ್ಮಟ. ನೀಲಿಯ ಮೇಲೆ ಬಂಗಾರದ ಎಲೆ ಬಳ್ಳಿಗಳು ಸುತ್ತಿ ಸುತ್ತಿ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗಿ ನಡುವೆ ಒಂದು ಚುಕ್ಕೆಯಾಗುತ್ತವೆ.

“ಯಪ್ಪಾ!” ಅಂದರು ಮಾಮಾ.

ದಿಲ್ನೋಜಾ ಬದಿಗೆ ನಿಂತಳು. ಈಗ ಯೋಚಿಸಿದರೆ, ಅವಳು ಕಾಯುತ್ತಿದ್ದಳು.

ಮಾಮಾ ನಡುವೆ ಹೋಗಿ, ಮೊನ್ನೆಯ ನೆನಪಿನಿಂದ ಸಣ್ಣದಾಗಿ ಒಂದು ಚಪ್ಪಾಳೆ ಹೊಡೆದರು. ಕಣ್ಣು ಮುಚ್ಚಿದರು. ತಲೆ ವಾಲಿಸಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಯಿತು. ನನಗೆ ಏನೆಂದರೆ ಏನೂ ಕೇಳಿಸಲಿಲ್ಲ.

“ಐದು,” ಅಂದರು ಮಾಮಾ ಕಣ್ಣು ತೆಗೆದು. “ಗಟ್ಟಿ ಐದು. ಇದು ಗುಮ್ಮಟ ಅಂದ್ರ!”

ದಿಲ್ನೋಜಾ ಕೈ ತಟ್ಟಿ ನಕ್ಕಳು. “ಚಾಚಾಜಿ, ನೀವೂ ಮೋಸಹೋದಿರಿ! ಇದು ಗುಮ್ಮಟವೇ ಅಲ್ಲ. ಸಪಾಟು ಸೂರು. ನಡುವಿಗೆ ಹೋದಂತೆ ಎಲೆಗಳನ್ನು ಚಿಕ್ಕದು ಮಾಡುತ್ತ ಬರೆದಿದ್ದಾರೆ, ಕಣ್ಣಿಗೆ ಗುಂಡಗೆ ಕಾಣುತ್ತದೆ. ಇಲ್ಲಿ ಯಾವ ದನಿಯೂ ಹಾಗೆ ತಿರುಗಿ ಬರುವುದಿಲ್ಲ.”

ನಾನೂ ಜೋರಾಗಿ ನಕ್ಕೆ. ಪುಸ್ತಕ ತೆಗೆದು 0, 5 ಎಂದು ಬರೆದೂ ಬಿಟ್ಟೆ. ಆಮೇಲೆ ತಲೆಯೆತ್ತಿದೆ.

ಮಾಮಾ ಸೂರು ನೋಡುತ್ತಿರಲಿಲ್ಲ. ತಮ್ಮ ಕೈ ನೋಡುತ್ತಿದ್ದರು. ಹೆಬ್ಬೆರಳು ಇನ್ನೂ ಐದನೆಯ ಗೆಣ್ಣಿನ ಮೇಲಿತ್ತು.

ಹೊರಗೆ ಅಂಗಳದ ಮರದ ಕೆಳಗೆ ಕೂತೆವು. ದಿಲ್ನೋಜಾ ನೀರು ತರುತ್ತೇನೆಂದು ದೂರ ಹೋದಳು. ಗೈಡ್‌ಗಳಿಗೆ ಯಾವಾಗ ದೂರ ಹೋಗಬೇಕೆಂದು ತಿಳಿಯುತ್ತದೆ.

“ಪುಸ್ತಕ ತಾ,” ಅಂದರು ಮಾಮಾ.

ಕೊಟ್ಟೆ. ಕನ್ನಡಕ ಹಾಕಿಕೊಂಡು ಮೂರೂ ಕಾಲಂ ಓದಿದರು.

“ಮೂರ ದಿನಕ್ಕ ಆರನೂರಾ ಹನ್ನೆರಡ ಮೆಟ್ಟಲು ಹತ್ತೇನೇನು?”

“ಹೂಂ.”

“ನಿಮ್ಮತ್ತಿ ಹೇಳಿ ಕಳಿಸ್ಯಾಳ.”

“ಹೂಂ.”

“ಭಾಳ ಶಾಣ್ಯಾಕಿ ಅದಾಳ.” ಪುಸ್ತಕ ಮುಚ್ಚಿದರು. ಆಮೇಲೆ ತಾವಾಗಿಯೇ ಹೇಳಿದರು.

“ಕಡೀ ದಿನ ಒಂದು ಸಣ್ಣ ಹುಡುಗಿ ಬಂದಿತ್ತು ಬೇ. ಗೋಡಿಗೆ ಬಾಯಿ ಹಚ್ಚಿ ತನ್ನ ಹೆಸರು ಹೇಳ್ತು. ನಾ ಆ ಕಡೆ ಕುಂತೇನಿ. ಏನೂ ಬರಲಿಲ್ಲ. ಹೊಳ್ಳಿ ಹೇಳ್ತು. ಬರಲಿಲ್ಲ. ಅಂದಾಜಿಲೆ ‘ಪೂಜಾ’ ಅಂತ ಒದರಿದೆ. ಅವರಪ್ಪ ಅವ್ವ ನಕ್ಕರು, ಗೈಡ ಚ್ಯಾಷ್ಟಿ ಮಾಡಾಕತ್ತಾನ ಅಂತ. ಆ ಹುಡುಗಿ ನಗಲಿಲ್ಲ. ಇಳಿಯೂಮುಂದ ಅವರವ್ವಗ ಹೇಳ್ತಿತ್ತು, ಗುಮ್ಮಟಕ್ಕ ನನ್ನ ಹೆಸರು ಗೊತ್ತಾಗಲಿಲ್ಲ ಅಂತ.”

“ಮತ್ತ ಡಾಕ್ಟರ ಕಡೆ ಹೋಗಬಹುದಿತ್ತಲ್ಲ ಮಾಮಾ? ಒಂದು ಮಷೀನ ಕೊಡ್ತಾರ.”

“ಅದ ನೋಡು. ತಂತಿ ಇಲ್ಲ, ಮಷೀನ ಇಲ್ಲ ಅಂತ ಮೂವತ್ತೊಂದು ವರ್ಷ ಒದರೇನಿ. ಈಗ ಕಿವ್ಯಾಗ ಮಷೀನ ಇಟಗೊಂಡು ಅದನ್ನ ಹೆಂಗ ಒದರಲಿ? ಮಂದಿ ನನ್ನ ಕಿವಿ ನೋಡ್ತಾರೋ, ಗುಮ್ಮಟ ನೋಡ್ತಾರೋ?”

ಅಷ್ಟರಲ್ಲಿ ದಿಲ್ನೋಜಾ ಬಂದಳು. ಮಾಮಾ ಅವಳಿಗೆ ಹಿಂದಿಯಲ್ಲಿ, “ಚೆನ್ನಾಗಿ ನಗಿಸಿದೆ ಮಗಳೇ. ನಾನೂ ಹೀಗೇ ಜನರನ್ನು ನಗಿಸುತ್ತಿದ್ದೆ” ಅಂದರು. ಅವಳು ಎದೆಯ ಮೇಲೆ ಕೈಯಿಟ್ಟು ಬಹಳ ಕೆಳಗೆ ಬಾಗಿದಳು.

ಏಪ್ರಿಲ್ 27, ಶನಿವಾರ. ಶಾಹಿ ಜಿಂದಾ

ಶಾಹಿ ಜಿಂದಾ ಗೋರಿಗಳದ್ದೇ ಒಂದು ಓಣಿ. ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಎರಡೂ ಬದಿಗೆ ನೀಲಿ ಮನೆಗಳ ಹಾಗೆ ಗೋರಿಗಳು, ನಮ್ಮೂರಿನ ಸಿದ್ಧೇಶ್ವರ ಗುಡಿಯ ಹಿಂದಿನ ಹಳೆಯ ಓಣಿಯಷ್ಟೇ ಇಕ್ಕಟ್ಟು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ.

ಮೆಟ್ಟಿಲ ಬುಡದಲ್ಲಿ ದಿಲ್ನೋಜಾ ಒಂದು ನಂಬಿಕೆ ಹೇಳಿದಳು. ಹತ್ತುವಾಗ ಮನಸ್ಸಿನಲ್ಲಿ ಒಂದು ಬೇಡಿಕೆ ಇಟ್ಟುಕೊಂಡು ಮೆಟ್ಟಿಲು ಎಣಿಸಬೇಕು. ಇಳಿಯುವಾಗ ಮತ್ತೆ ಎಣಿಸಬೇಕು. ಎರಡೂ ಲೆಕ್ಕ ಕೂಡಿದರೆ ಬೇಡಿಕೆ ಕೈಗೂಡುತ್ತದೆ.

ನನಗೆ ನಗು ಬಂತು. ಎಣಿಸುವುದನ್ನು ನನಗೆ ಹೇಳಿಕೊಡುವುದೇ! ಬೇಡಿಕೆಯನ್ನೂ ತಕ್ಷಣ ಗೊತ್ತು ಮಾಡಿಕೊಂಡೆ.

ಹತ್ತುವಾಗ ನನ್ನದು ಮೂವತ್ತಾರು. ಮಾಮಾನದೂ ಮೂವತ್ತಾರು. ಮೇಲೆ ಸಣ್ಣ ಸಣ್ಣ ಗುಮ್ಮಟಗಳ ಕೆಳಗೆ ಮಾಮಾ ಎಲ್ಲಿಯೂ ಚಪ್ಪಾಳೆ ಹೊಡೆಯಲಿಲ್ಲ. ಬರೀ ನೋಡಿದರು. ಗೋಡೆಯ ಒಂದು ನೀಲಿ ಹಂಚಿನ ಮುಂದೆ ಅಂಗೈ ಚಾಚಿ, ಮುಟ್ಟದೆ, ಬಹಳ ಹೊತ್ತು ನಿಂತಿದ್ದರು. ಮೂರನೆಯ ಕಾಲಂನಲ್ಲಿ ನಾನು ಅಡ್ಡಗೆರೆ ಹಾಕಿದೆ.

ಇಳಿಯುವಾಗ ಒಬ್ಬ ಮದುಮಗಳು ಎದುರು ಬಂದಳು. ಬಿಳಿಯ ಗೌನು ಮೂರು ಮೆಟ್ಟಿಲು ಹಿಂದಿನವರೆಗೆ ಹರಡಿತ್ತು, ಅದನ್ನು ಹಿಡಿದ ಇಬ್ಬರು ಗೆಳತಿಯರು, ಮುಂದೆ ಹಿಮ್ಮುಖವಾಗಿ ನಡೆಯುವ ಫೋಟೋದವನು. ಗೌನು ತುಳಿಯದಂತೆ ನಾನು ಒಂದು ಮೆಟ್ಟಿಲು ಹತ್ತಿ, ಎರಡು ಇಳಿದು, ಬದಿಗೆ ಸರಿದೆ. ಕೆಳಗೆ ಬಂದಾಗ ನನ್ನ ಲೆಕ್ಕ ಮೂವತ್ತೇಳು.

“ಮೂವತ್ತಾರು,” ಅಂದರು ಮಾಮಾ, ಹೆಬ್ಬೆರಳನ್ನು ಗೆಣ್ಣಿನ ಮೇಲೆ ಒತ್ತಿ ತೋರಿಸುತ್ತ. “ಮಂದಿನ್ನ ಎಣಸಿ ಹತ್ತಿಸಿ, ಎಣಸಿ ಇಳಿಸಿದ ಕೈ ಇದು. ಒಬ್ಬರನ್ನೂ ಮ್ಯಾಲ ಬಿಟ್ಟು ಬಂದಿಲ್ಲ.”

“ಏನ ಬೇಡಕೊಂಡ್ರಿ ಮಾಮಾ?”

“ನಾ ಹೇಳೂದಿಲ್ಲ. ಹೇಳಿದ್ರ ಫಲ ಸಿಗೂದಿಲ್ಲ. ನೀ ಹೇಳು ಬೇಕಾರ, ಹೆಂಗೂ ನಿಂದು ಕೆಟ್ಟೇ ಹೋಗೇತಿ.”

“ನೀವು ಕಿವಿ ಡಾಕ್ಟರ ಕಡೆ ಹೋಗಬೇಕು ಅಂತ ಬೇಡಕೊಂಡಿದ್ದೆ.”

ಮಾಮಾ ಎಷ್ಟು ನಕ್ಕರೆಂದರೆ ಮೇಲೆ ಹೋಗುತ್ತಿದ್ದ ಮದುಮಗಳೂ ತಿರುಗಿ ನೋಡಿದಳು. “ಹಿಸಾಬಿನ ಹುಡುಗಿ! ದೇವರಿಗೂ ಒಂದು ಕಾಲಂ ಹಾಕಿದ್ದೇನು? ಹೋಗು, ಇನ್ನೊಮ್ಮೆ ಹತ್ತಿ ಇಳದು ಬಾ.”

ಹತ್ತಿ ಇಳಿದೆ. ಮೂವತ್ತಾರು, ಮೂವತ್ತಾರು. ಎರಡನೆಯ ಎಣಿಕೆಗೆ ಮಾನ್ಯತೆ ಇದೆಯೇ ಎಂದು ದಿಲ್ನೋಜಾಳನ್ನು ಕೇಳಿದೆ. ಇಂಥ ಪ್ರಶ್ನೆ ಈವರೆಗೆ ಯಾರೂ ಕೇಳಿಲ್ಲ ಅಂದಳು.

ಮೇ 19, ಭಾನುವಾರ. ಗೋಳಗುಮ್ಮಟ

ಊರಿಗೆ ಬಂದ ಮೇಲೆ ಅತ್ತೆ ಪುಸ್ತಕ ಕೇಳಿದರು. ನಾನು ತೆಗೆಯುವ ಮೊದಲೇ ಮಾಮಾ, “ಅದನ್ನೇನ ನೋಡ್ತಿ? ಮೊಣಕಾಲು ಚೊಲೋ ಅದಾವು. ನಾಳೆ ಡಾಕ್ಟರ ಕಡೆ ಹೋಗೋಣು, ನಡಿ” ಅಂದರು. ಅತ್ತೆ ಆ ದಿನ ಟೀಯನ್ನು ಬಸಿಗೆ ಚೆಲ್ಲುವಂತೆ ತುಂಬಿಕೊಟ್ಟರು. ಸಮರಕಂದದಲ್ಲಿ ಇದಕ್ಕೆ ಬೇರೆ ಅರ್ಥವಿದೆ ಎಂದು ನಾನು ಹೇಳಲಿಲ್ಲ.

ಡಾಕ್ಟರು ಕೊಟ್ಟ ಕಿವಿ ಮಷೀನು ಹುಣಸೆ ಬೀಜದಷ್ಟು ಚಿಕ್ಕದು. ಮೊದಲ ವಾರ ಮಾಮಾ ಎಲ್ಲದರ ಮೇಲೂ ತಕರಾರು ಮಾಡಿದರು. ಫ್ಯಾನು ಇಷ್ಟು ಒದರುತ್ತದೆಯೇ, ರೊಟ್ಟಿ ಬಡಿಯುವುದಕ್ಕೆ ಇಷ್ಟು ಸಪ್ಪಳ ಯಾಕೆ, ನೀವೆಲ್ಲ ಇಷ್ಟು ಮಾತಾಡುತ್ತಿದ್ದಿರೇ. ಎರಡನೆಯ ಭಾನುವಾರ ಬೆಳಿಗ್ಗೆ ತಾವೇ ನನ್ನನ್ನು ಎಬ್ಬಿಸಿದರು.

ಮೇಲೆ ಹೋಗುವ ಮೆಟ್ಟಿಲನ್ನು ನಾನು ಎಣಿಸಲಿಲ್ಲ. ಅವರ ಹಿಂದೆ ಏದುಸಿರು ಬಿಡುವುದರಲ್ಲೇ ನನಗೆ ಸಾಕಾಗಿತ್ತು. ಗ್ಯಾಲರಿಯಲ್ಲಿ ಆಗ ನಾವಿಬ್ಬರೇ. ನಾನು ಒಂದು ಕಡೆ ಕೂತೆ. ಮಾಮಾ ಸುತ್ತು ಹಾಕಿ ನೇರ ಎದುರಿಗೆ, ತಮ್ಮ ಹಳೆಯ ಜಾಗಕ್ಕೆ ಹೋದರು. ಗೋಡೆಗೆ ಬಾಯಿ ಹಚ್ಚಿ ನಾನು ನನ್ನ ಹೆಸರು ಪಿಸುಗುಟ್ಟಿದೆ. ಆ ಹುಡುಗಿಯ ನೆನಪಾಗಿ ದನಿ ಇನ್ನೂ ಸಣ್ಣದಾಯಿತು.

ಆಚೆ ಕಡೆ ಮಾಮಾ ಅಲುಗಲಿಲ್ಲ. ಇನ್ನೊಮ್ಮೆ ಹೇಳಲೇ ಎಂದುಕೊಳ್ಳುವಷ್ಟರಲ್ಲಿ ನನ್ನ ಕಿವಿಯ ಪಕ್ಕದ ಗೋಡೆ ಮಾತಾಡಿತು.

“ಶೈಲಾ ಅಂತ ಗೊತ್ತೈತಿ ಬೇ. ಜರಾ ಜೋರ ಹೇಳಾಕೇನ ಧಾಡಿ?”

ಆಮೇಲೆ ಅವರು ಎದ್ದು ನಿಂತು ಒಂದು ಚಪ್ಪಾಳೆ ಹೊಡೆದರು. ನಾನು ಕಣ್ಣು ಮುಚ್ಚಿ ಎಣಿಸಿದೆ. ಒಂದೊಂದೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಯಿತು. ಕಡೆಯದು ಇತ್ತೋ ಇಲ್ಲವೋ ಎಂಬಷ್ಟು ತೆಳ್ಳಗೆ, ಆದರೆ ಇತ್ತು. ಏಳು.

ಮಾಮಾ ಸುತ್ತು ಹಾಕಿ ನನ್ನ ಬಳಿ ಬಂದರು. ಹೆಬ್ಬೆರಳು ಗೆಣ್ಣಿನ ಮೇಲೇ ಇತ್ತು.

“ಏಳಲ್ಲ ಮಾಮಾ?” ಅಂದೆ.

“ಅದು ಏಳ ಸಲ ಹೇಳ್ತೈತಿ, ಅದರಾಗ ಸಂಶಯ ಇಲ್ಲ,” ಅಂದರು. “ನನಗ ಕೇಳಿಸಿದ್ದು ಆರು. ಆರಂತ ಬರಿ.”

ಬರೆದೆ. ನಾನು 7, ಮಾಮಾ 6. ಇಡೀ ಪುಸ್ತಕದಲ್ಲಿ ಅವರ ಪ್ರತಿಧ್ವನಿಯ ಅಂಕಿ ನನ್ನದಕ್ಕಿಂತ ಕಡಿಮೆ ಬಂದದ್ದು ಅದೊಂದೇ ಸಾಲಿನಲ್ಲಿ.